ಕಪಾಟಿನಿಂದ ತೆಗೆದ ಪುಸ್ತಕಗಳು, ತಾಂಡಾದ ಹುಡುಗಿಗೆ ಆಡಿದ ಮಾತು: ಅಧಿಕಾರಿಯೊಬ್ಬರಿಗೆ ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಹೆಸರನ್ನಾಗಲಿ ತಮ್ಮ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ನಿಮ್ಮ ನಮ್ಮ ಜಗಳವಾಗಿ, ಹುಡುಗಿಯರ ಮಾತು ಹಿಂದೆ ಬೀಳುತ್ತದೆ. ಪತ್ರ ಯಾರಿಗೆ ಎಂಬುದು ತಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಮನವಿ ಕೊಟ್ಟೆವು, ಸ್ವೀಕೃತಿಯ ಸಿಕ್ಕೆ ಬಿತ್ತು, ಉತ್ತರ ಬರಲಿಲ್ಲ. ಊರ ಹಿರಿಯರಿಂದ ಹೇಳಿಸಿದೆವು; "ನೋಡೋಣು" ಅಂದಿರಂತೆ. ಫೋನು ಮಾಡಿದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದರು. ಹೀಗಾಗಿ ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕಾಯಿತು.

ರೋಣ, ನರಗುಂದ, ಗಜೇಂದ್ರಗಡದ ಓದುಗರಿಗೆ ಕಪಾಟಿನ ಪ್ರಕರಣ ಹೊಸದಲ್ಲ. ಗ್ರಂಥಾಲಯದಲ್ಲಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆಂದೇ ಬೇರೆ ಕಪಾಟು ಬೇಕೆಂದವರು ನಾವು. ಹಣ ದಾನಿಗಳದ್ದು, ಪಟ್ಟಿ ನಮ್ಮ ಓದುಗರ ಬಳಗದ್ದು, ಒಪ್ಪಿಗೆಯ ಸಹಿ ತಮ್ಮದು. ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯರನ್ನು ನೋಡಿ ಮೈಕಿನಲ್ಲಿ ಹೇಳಿದಿರಿ: "ಇದರಾಗಿನ ಒಂದ ಪುಸ್ತಕಾನೂ ಕದಲಂಗಿಲ್ಲ, ಇದು ನನ್ನ ಮಾತು." ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಯಾರೋ ಬಂದು ಬಾಯಿಮಾತಿನಲ್ಲಿ ದೂರಿದರು. ಮೂರು ಪುಸ್ತಕಗಳಿಗೆ ಸುತಳಿ ಬಿಗಿದು ಸ್ಟೋರ್ ರೂಮಿಗೆ ಹಾಕಲಾಯಿತು. ಬರವಣಿಗೆಯ ಆದೇಶವಿಲ್ಲ, ನಮಗೊಂದು ಮಾತಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ಗೀತಾ ನಾಗಭೂಷಣ ಅವರ 'ಬದುಕು', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'. ತೆಗೆಸಿದ ಪುಸ್ತಕಗಳು ಇವು. ಮನೆಯೊಳಗಿನ ಹಿಂಸೆ, ಹೊರಗಿನ ಜಾತಿಯ ಅವಮಾನ, ಎರಡರಲ್ಲಿ ಒಂದನ್ನಾದರೂ ಕಣ್ಣಿಟ್ಟು ನೋಡಿ ಬರೆದ ಪುಸ್ತಕಗಳು. ಹುಡುಗಿಯರ ತಲೆ ಕೆಡುತ್ತದೆ, ಮನೆತನದ ಮರ್ಯಾದೆ ಬೀದಿಗೆ ಬರುತ್ತದೆ ಎಂಬುದು ದೂರು.

ದೂರು ಕೊಟ್ಟವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೆಣ್ಣುಮಕ್ಕಳು ಏನು ಓದುತ್ತಾರೆಂಬ ಅಂಜಿಕೆ ಹಳೆಯದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರಿಗೆ ಹೈಸ್ಕೂಲಿನಾಚೆ ಓದುವ ದಾರಿಯನ್ನು ಸಮುದಾಯದ ಕಟ್ಟಳೆ ಮುಚ್ಚಿತ್ತು. ಗ್ರಂಥಾಲಯದ ಸದಸ್ಯತ್ವ ಅವರ ಕೈಗೆ ಬಂದದ್ದು 1963ರಲ್ಲಿ, ಆಗ ಅವರು ಮದುವೆಯಾದ ಗೃಹಿಣಿ. ಅಂಥವರು 'ಚಂದ್ರಗಿರಿಯ ತೀರದಲ್ಲಿ' ಬರೆದ ನಾದಿರಾಳ ಕಥೆ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ನಾಡಿನ ಮನೆಮನೆ ತಲುಪಿತು. ಹಟಮಾರಿ ಅಪ್ಪ, ಅವನೆದುರು ಬಾಯಿ ತೆರೆಯಲಾರದ ಅವ್ವ, ಅಪ್ಪನ ಹಟಕ್ಕೆ ಗಂಡನನ್ನು ಕಳೆದುಕೊಂಡು ಹೋಗಲು ಜಾಗವೇ ಉಳಿಯದ ಮಗಳು. ಬರೆದದ್ದಕ್ಕಾಗಿ 1985ರಲ್ಲಿ ಪುತ್ತೂರಿನಲ್ಲಿ ಸಾರಾ ಅವರ ಮೇಲೆ ಹಲ್ಲೆಗೆ ಬಂದರು. ಅವರು ಬರೆಯುವುದನ್ನು ಬಿಡಲಿಲ್ಲ. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ತಮ್ಮ ಮಾತಿಗೆ ನಿಂತರು. ಹಲ್ಲೆಗೆ ಎದ್ದು ಬಂದವರಿಗೆ ಅವರು ಹೆದರಲಿಲ್ಲ. ತಾವು ಎದುರಿಗೆ ಕೂತು ಗೊಣಗಿದವರಿಗೆ ಹೆದರಿದಿರಿ.

'ಬದುಕು' ಇನ್ನೂ ನಮ್ಮ ಸಮೀಪದ್ದು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಅದು. ಕಲಬುರಗಿ ಸೀಮೆಯ ಕೆಳಜಾತಿಗಳ ಕೇರಿಯನ್ನು ಅಲ್ಲಿನ ಮಾತಿನಲ್ಲೇ ಹೇಳಿದ ಪುಸ್ತಕ. 2010ರ ಫೆಬ್ರುವರಿಯಲ್ಲಿ ಗದಗಿನಲ್ಲಿ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಕೂತವರು ಇದೇ ಗೀತಾ ನಾಗಭೂಷಣ. ನಮ್ಮದೇ ಜಿಲ್ಲೆ ಅವರನ್ನು ಮೆರವಣಿಗೆ ಮಾಡಿ ಕರೆತಂದಿತ್ತು. ಈಗ ಅದೇ ಜಿಲ್ಲೆಯ ಹುಡುಗಿಯೊಬ್ಬಳು ಅವರ ಪುಸ್ತಕ ಕೇಳಿದರೆ ಇಲ್ಲ ಅನ್ನುವುದಕ್ಕೆ ನಿಮಗೆ ಯಾವ ಅಧಿಕಾರ ಇದೆ?

ಆ ಹುಡುಗಿಯ ಮಾತಿಗೇ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅವಳಿಗಾಗಿ. ಅವಳ ಹೆಸರು, ತಾಂಡಾ, ಶಾಲೆ ಯಾವುದನ್ನೂ ಹೇಳುವುದಿಲ್ಲ. ನಿಮ್ಮ ಕಚೇರಿಯಲ್ಲಿ ಆ ದಿನ ಇದ್ದವರಿಗೆ ಯಾರೆಂದು ಗೊತ್ತಿದೆ. ಅರ್ಧ ಓದಿದ್ದ 'ಬದುಕು' ಮುಗಿಸಬೇಕೆಂದು ಕೇಳಲು ಬಂದಿದ್ದಳು. ನೀವು ಅವಳ ಊರು ಕೇಳಿದಿರಿ. ಹೇಳಿದಳು. ಆಮೇಲೆ ನೀವು ಆಡಿದ ಮಾತು ಇದು: "ನಿಮ್ಮ ತಾಂಡಾದಾಗ ಕುಡಿಯೋದು, ಬಡಿಯೋದು ದಿನಾ ನಡೀತೈತಲ್ಲ, ಓದಾಕ ಪುಸ್ತಕ ಬ್ಯಾರೆ ಬೇಕೇನು?"

ಅಲ್ಲಿದ್ದವರು ನಕ್ಕರು. ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಗೆ ಬಂದಳು.

ಆ ಮಗುವಿನ ಅಪ್ಪ ಅವ್ವ ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಗೋವಾಕ್ಕೆ ಗುಳೆ ಹೋಗುವವರು. ಎರಡು ವರ್ಷ ಅವಳೂ ಅಲ್ಲಿದ್ದಳು. ನಮ್ಮ ಭಾಗದಿಂದ ದುಡಿಯಲು ಹೋದವರನ್ನು ಅಲ್ಲಿ 'ಘಾಟಿ' ಎಂದು ಹೀಯಾಳಿಸುವುದು ಹೋಗಿ ಬಂದವರಿಗೆಲ್ಲ ಗೊತ್ತು. 2004ರಲ್ಲಿ ವಾಸ್ಕೋದ ಬೈನಾ ದಂಡೆಯ ಮೇಲೆ ಕನ್ನಡಿಗರ ಮನೆಗಳನ್ನು ಕೆಡವಿದಾಗ ಇಲ್ಲಿ ಬೆಂಗಳೂರಿನವರೆಗೆ ಕೂಗೆದ್ದಿತ್ತು. ಆ ಕೂಗು ಸರಿಯಾದದ್ದೇ. ಆದರೆ ಗೋವಾದಲ್ಲಿ ಘಾಟಿ ಅನ್ನಿಸಿಕೊಂಡು ಬಂದ ಹುಡುಗಿಗೆ ತನ್ನ ಊರಿನಲ್ಲಿ, ತನ್ನ ಭಾಷೆಯಲ್ಲಿ, ತನ್ನ ಸರ್ಕಾರದ ಕುರ್ಚಿಯಿಂದ ಸಿಕ್ಕದ್ದು ಇದು. ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳಿಗೆ ಕೂದಲು, ಮೈಬಣ್ಣದ ಮಾತು ಕೇಳಿಸುತ್ತದೆ. ಇಲ್ಲಿ ತಾಂಡಾ, ಕೇರಿ ಎಂಬ ಮಾತು. ಜನಾಂಗದ ಹೆಸರಿನ ತಿರಸ್ಕಾರ ದೂರದ ದೇಶದ ಸುದ್ದಿ ಎಂದು ತಿಳಿದವರು ನಿಮ್ಮ ಕಚೇರಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಸಾಕು.

ಇನ್ನು ಆ ಮಾತಿನ ಇನ್ನೊಂದು ಭಾಗ. ಹೊಡೆತ ದಿನಾ ನಡೆಯುತ್ತದೆ, ಆದ್ದರಿಂದ ಅದರ ಬಗ್ಗೆ ಓದುವುದು ಬೇಡ ಎಂದಿರಿ. ಒಂದನೆಯದಾಗಿ, ಹೊಡೆತ ತಾಂಡಾದ ಆಸ್ತಿಯಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಪೇಟೆಯ ದೊಡ್ಡ ಮನೆಗಳ ಮಕ್ಕಳ ಮೈಮೇಲೆ ಬಾಸುಂಡೆ ನೋಡಿದ್ದೇನೆ. ಅವ್ವ ರಾತ್ರಿಯೆಲ್ಲ ಅತ್ತಳೆಂದು ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟವರನ್ನೂ ನೋಡಿದ್ದೇನೆ. ಎರಡನೆಯದಾಗಿ, ದಿನಾ ಕಾಣುವವರಿಗೇ ಈ ಪುಸ್ತಕ ಹೆಚ್ಚು ಬೇಕು. ದಿನಾ ಕಾಣುವ ಮಗುವಿಗೆ ಅದು ಮಳೆ ಬಿಸಿಲಿನ ಹಾಗೆ ಇರುವಂಥದ್ದೇ ಅನ್ನಿಸಿಬಿಡುತ್ತದೆ. ಯಾರೋ ಅದನ್ನು ಕಥೆ ಮಾಡಿ, ಇದು ತಪ್ಪು, ಹೀಗೆ ಮಾಡಿದವನದ್ದು ತಪ್ಪು, ಸಹಿಸಿಕೊಂಡವಳದ್ದಲ್ಲ ಎಂದು ತೋರಿಸಿದಾಗ ಮಗು ಮೊದಲ ಸಲ ಪ್ರಶ್ನೆ ಕೇಳುತ್ತದೆ. ನಾದಿರಾಳ ಕಥೆ ಓದಿದ ಹುಡುಗಿಯರು ನಮ್ಮ ಬಳಗದಲ್ಲಿ ಕೇಳಿದ್ದು ಒಂದೇ: ಅವಳು ಯಾರ ಹತ್ತಿರ ಹೋಗಬಹುದಿತ್ತು?

ಅದಕ್ಕೆ ನಾವು ಉತ್ತರ ಹೇಳಿದೆವು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗಷ್ಟೇ ಅಲ್ಲ, ಮಗಳು, ತಂಗಿ, ತಾಯಿಗೂ ರಕ್ಷಣೆ ಕೊಡುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ. ಸಹಾಯವಾಣಿ ಮಹಿಳೆಯರಿಗೆ 181, ಮಕ್ಕಳಿಗೆ 1098. ಎಷ್ಟೋ ಹುಡುಗಿಯರು ಈ ನಂಬರುಗಳನ್ನು ಬರೆದುಕೊಂಡದ್ದು ಕಾದಂಬರಿಯ ಚರ್ಚೆಯ ದಿನ. ಇಲಾಖೆಯ ಜಾಗೃತಿ ಫಲಕ ಬಸ್‌ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು, ಅದನ್ನು ಓದಿ ಬರೆದುಕೊಂಡವರನ್ನು ನಾನು ಕಂಡಿಲ್ಲ. ಹುಡುಗಿಯರು ನಂಬರು ಬರೆದುಕೊಂಡದ್ದನ್ನೇ ನೀವು ತಲೆ ಕೆಡುವುದು ಎಂದು ಕರೆಯುತ್ತೀರಾ?

ಮನೆಯ ಹಿಂಸೆಯಿಂದ ಪಾರಾಗಿ ಹೊರಗಿನ ವರ್ಣಭೇದವನ್ನು ಎದುರಿಸುವ ಹೆಣ್ಣುಮಕ್ಕಳ ಕಥೆಗೆ ಹೀಗಾಗುವುದು ಬೇರೆ ಕಡೆಯೂ ಇದೆ. ಆಲಿಸ್ ವಾಕರ್ ಅವರ 'ದಿ ಕಲರ್ ಪರ್ಪಲ್' 1983ರಲ್ಲಿ ಪುಲಿಟ್ಜರ್ ಪಡೆಯಿತು. ಶಾಲೆಯ ಕಪಾಟಿನಿಂದ ಅದನ್ನು ತೆಗೆಯಿರಿ ಎಂಬ ಒತ್ತಾಯ ಅಮೆರಿಕದಲ್ಲಿ ದಶಕಗಳಿಂದ ಮತ್ತೆ ಮತ್ತೆ ಎದ್ದಿದೆ. ಆದರೆ ಅಲ್ಲಿನ ಎಷ್ಟೋ ಗ್ರಂಥಾಲಯಗಳಲ್ಲಿ ಒಂದು ಕ್ರಮವಿದೆ. ದೂರು ಬರವಣಿಗೆಯಲ್ಲಿರಬೇಕು, ಸಮಿತಿ ಪುಸ್ತಕವನ್ನು ಪೂರ್ತಿ ಓದಬೇಕು, ತೀರ್ಮಾನವಾಗುವವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು. ಇಲ್ಲಿ ಪುಸ್ತಕ ಓದಿದವರು ಯಾರು? ದೂರಿದವರು ಓದಿರಲಿಲ್ಲ. ನೀವು ಓದಿದ್ದೀರಾ? ಓದಿದ್ದರೆ ಯಾವ ಪುಟ ತಪ್ಪು ಎಂದು ಹೇಳಿ, ಸಭೆ ಕರೆಯಿರಿ, ನಾವು ಬರುತ್ತೇವೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಊರೂರಲ್ಲೂ ಅಭಿನಂದನೆ. ಅವರ ಕಥೆಗಳಲ್ಲಿ ಇರುವುದೂ ಮನೆಯೊಳಗೆ ನರಳುವ ಹೆಣ್ಣುಮಕ್ಕಳೇ. ಪ್ರಶಸ್ತಿ ಬಂದರೆ ಹಾರ, ಪುಸ್ತಕ ಬಂದರೆ ಸುತಳಿ. ಪ್ರತಿವರ್ಷ ಜುಲೈ 21ಕ್ಕೆ ನರಗುಂದದಲ್ಲಿ ರೈತ ಹುತಾತ್ಮರನ್ನು ನೆನೆಯುತ್ತೇವೆ. ಅನ್ಯಾಯಕ್ಕೆ ಎದುರು ನಿಂತವರ ನೆಲ ಎಂದು ನಿಮ್ಮ ಇಲಾಖೆಯವರೇ ವೇದಿಕೆಯಲ್ಲಿ ಮಾತನಾಡುತ್ತಾರೆ. ಒಬ್ಬ ಹುಡುಗಿ ಎದ್ದುನಿಂತು ಪುಸ್ತಕ ಕೇಳಿದರೆ ಮಾತ್ರ ನಗು.

ಬೇರೆ ದೂರುಗಳೂ ಇವೆ, ಹೇಳಿಬಿಡುತ್ತೇನೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅದು ಎಲ್ಲಿ, ಯಾವ ಪುಸ್ತಕಕ್ಕೆ ಹೋಯಿತೆಂದು ಜನರಿಗೆ ತಿಳಿಸುವವರಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು, ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮ ಬಂತು, ಅರಿವು ಕೇಂದ್ರ ಎಂಬ ಫಲಕ ಬಿತ್ತು. ಒಳ್ಳೆಯದೇ ಆಯಿತು. ಆದರೆ ಶಾಲೆ ಬಿಟ್ಟು ಹುಡುಗಿಯರು ಬರುವ ಹೊತ್ತಿಗೆ ಬಾಗಿಲು ತೆರೆದಿರುವ ಕೇಂದ್ರ ಎಷ್ಟಿವೆ? ತೆರೆದಿದ್ದರೂ ಗಂಡುಹುಡುಗರು ಮೊಬೈಲ್ ಹಿಡಿದು ಕೂತಲ್ಲಿ ಹುಡುಗಿಯರಿಗೆ ಕುರ್ಚಿ ಎಲ್ಲಿ? ಸಂಜೆಯ ಬಸ್ಸು ತಪ್ಪಿದರೆ ತಾಂಡಾಕ್ಕೆ ನಡೆದೇ ಹೋಗಬೇಕು. 2018ರಲ್ಲಿ ಗಜೇಂದ್ರಗಡ ತಾಲ್ಲೂಕಾದಾಗ ಇದೆಲ್ಲ ಸರಿಹೋಗುತ್ತದೆ ಎಂದು ನಂಬಿದವರು ನಾವು.

ಇವೆಲ್ಲ ನಿಮ್ಮೊಬ್ಬರ ಕೈಯಲ್ಲಿಲ್ಲ, ಬಲ್ಲೆ. ಮೈಕಿನಲ್ಲಿ ಕೊಟ್ಟ ಮಾತು ನಿಮ್ಮೊಬ್ಬರದ್ದೇ. ಆ ಹುಡುಗಿಗೆ ಆಡಿದ ಮಾತೂ ನಿಮ್ಮೊಬ್ಬರದ್ದೇ.

ಆದ್ದರಿಂದ ಕೇಳುತ್ತಿದ್ದೇವೆ. ಮೂರೂ ಪುಸ್ತಕ ಕಪಾಟಿಗೆ ಮರಳಲಿ. ಇನ್ನುಮುಂದೆ ಬರವಣಿಗೆಯ ದೂರು ಮತ್ತು ಓದಿದವರ ಸಮಿತಿ ಇಲ್ಲದೆ ಯಾವ ಪುಸ್ತಕವನ್ನೂ ತೆಗೆಯುವುದಿಲ್ಲವೆಂದು ಲಿಖಿತ ಆದೇಶ ಹೊರಡಲಿ. ಆ ಸಮಿತಿಯಲ್ಲಿ ತಾಂಡಾದ, ಕೇರಿಯ ಹೆಣ್ಣುಮಗಳೊಬ್ಬಳು ಇರಲಿ. ಆ ಹುಡುಗಿಯ ಕ್ಷಮೆ ಕೇಳಿ, ನಿಮ್ಮ ಚೇಂಬರಿಗೆ ಕರೆಸಿಕೊಂಡಲ್ಲ. ನೀವೇ ಹೋಗಿ, ಅವಳ ಅವ್ವನ ಎದುರು. ಪುಸ್ತಕ ತೆಗೆಯಲು ಆದೇಶ ಕೊಟ್ಟವರು ಯಾರು, ಯಾವ ನಿಯಮದಡಿ ಎಂದು ಕೇಳುವ ಮಾಹಿತಿ ಹಕ್ಕಿನ ಅರ್ಜಿಯನ್ನು ಇದೇ ವಾರ ಸಲ್ಲಿಸುತ್ತಿದ್ದೇವೆ. ಕಾಯ್ದೆಯಂತೆ 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು, ಬರದಿದ್ದರೆ ಬರಲಿಲ್ಲವೆಂಬುದನ್ನು, ಇದೇ ಜಾಗದಲ್ಲಿ ಪ್ರಕಟಿಸುತ್ತೇವೆ.

ಇಂತಿ,
ಓದುಗರ ಬಳಗದ ಪರವಾಗಿ,
ನಿವೃತ್ತ ಶಿಕ್ಷಕಿ, ಗಜೇಂದ್ರಗಡ