ಹೊಗೆ ಯಾರದು, ಕೆಮ್ಮು ಯಾರಿಗೆ?

ಕಳೆದ ವಾರ ನಮ್ಮ ದಾವಣಗೆರೆಯ ಒಂದು ಸಭೆಯಲ್ಲಿ ದೊಡ್ಡವರೊಬ್ಬರು ಭಾಷಣ ಮಾಡಿದರು. ಊರ ಗಾಳಿ ಕೆಟ್ಟಿದೆಯಂತೆ. ಕೆಡಿಸಿದವರು ಯಾರೆಂದರೆ ಮಂಡಕ್ಕಿ ಭಟ್ಟಿಯವರು, ಬೀದಿ ಬದಿಯಲ್ಲಿ ಒಲೆ ಹೂಡಿ ಮಿರ್ಚಿ ಕರಿಯುವವರು, ಹಳೆಯ ಆಟೋ ಓಡಿಸುವವರು, ಕಸಕ್ಕೆ ಬೆಂಕಿ ಇಡುವ ಪೌರಕಾರ್ಮಿಕರು. ಇವರಿಗೆಲ್ಲ ನಾಗರಿಕ ಪ್ರಜ್ಞೆ ಇಲ್ಲವಂತೆ. ಭಾಷಣ ಮುಗಿಸಿ ಅವರು ಹತ್ತಿದ ಡೀಸಲ್ ಕಾರು, ಒಳಗಿನ ತಂಪು ಆರದಿರಲೆಂದು ಮುಕ್ಕಾಲು ಗಂಟೆ ಎಂಜಿನು ಚಾಲೂ ಇಟ್ಟುಕೊಂಡೇ ಬಾಗಿಲಲ್ಲಿ ನಿಂತಿತ್ತು. ಕಾರಿನ ಹಿಂದೆ ಶೇಂಗಾ ಮಾರುವ ಹುಡುಗನೊಬ್ಬ ಬುಟ್ಟಿ ಇಟ್ಟುಕೊಂಡು ಕೂತಿದ್ದ.

ಈ ಭಾಷಣಕ್ಕೆ ಉತ್ತರ ಬರೆಯುತ್ತಿರುವುದು ಆ ಹುಡುಗನ ಸಲುವಾಗಿ.

ಮೊದಲೇ ಹೇಳಿಬಿಡುತ್ತೇವೆ, ಭಟ್ಟಿಯ ಹೊಗೆ ಗಂಧದ ಹೊಗೆ ಎಂದು ನಾವು ವಾದಿಸುವುದಿಲ್ಲ. ಬೆಳಗಿನ ಜಾವ ಭಟ್ಟಿಗಳ ಸಾಲಿನಲ್ಲಿ ನಡೆದವರಿಗೆ ಗೊತ್ತು, ಕಣ್ಣು ತೆರೆಯಲಾಗುವುದಿಲ್ಲ. ಭಾಷಣದ ಮಾರನೆಯ ದಿನ ನಾವು ಹೋಗಿ ನಿಂತಿದ್ದೆವು. ಹೊಟ್ಟು ಉರಿಯುವ ಒಲೆಯ ಬಾಯಲ್ಲಿ ಕೂತು ಮಂಡಕ್ಕಿ ಹುರಿಯುವ ಹೆಂಗಸರ ಸೆರಗು ಮಸಿ, ಮೂಗು ಮಸಿ, ಉಗುಳಿದರೆ ಅದೂ ಮಸಿ. ಹನ್ನೊಂದು ಮಂದಿಯನ್ನು ಮಾತಾಡಿಸಿದೆವು. ಒಬ್ಬರಿಗೂ ಇ.ಎಸ್.ಐ. ಚೀಟಿ ಇಲ್ಲ. ಎದೆಯ ಫೋಟೋ ತೆಗೆಸಿದವರು ಇಬ್ಬರು, ಅದೂ ಕ್ಷಯ ಇರಬಹುದೆಂಬ ಅಂಜಿಕೆಯಿಂದ. ಭಟ್ಟಿಯ ಮಾಲೀಕನೂ ಅಲ್ಲೇ ಕೆಮ್ಮುತ್ತ ಕೂತಿದ್ದ. ಅವನ ಕೈಯಲ್ಲಿ ಕಚೇರಿಯೊಂದರಿಂದ ಬಂದ ನೋಟೀಸು. ಒಲೆ ಬದಲಿಸು, ಇಲ್ಲವೇ ಮುಚ್ಚು. ಬದಲಿಸಲು ದುಡ್ಡು ಎಲ್ಲಿಂದ ಎಂಬ ಮಾತು ನೋಟೀಸಿನಲ್ಲಿ ಎಲ್ಲಿಯೂ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಗಾಳಿ ಕೆಟ್ಟರೆ ಒಂದಿಷ್ಟು ಕೆಮ್ಮು ಬಂದೀತು, ಅದಕ್ಕೇಕೆ ಇಷ್ಟು ಗದ್ದಲ ಎನ್ನುವವರೂ ಇದ್ದಾರೆ. ಕೆಮ್ಮು ಬರಿಸುವ ದಪ್ಪ ಧೂಳು ಮೂಗು ಗಂಟಲಲ್ಲಿ ನಿಲ್ಲುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ ಸಣ್ಣ ಧೂಳು. ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲು ಇರುವ ಈ ಕಣಕ್ಕೆ ವಿಜ್ಞಾನಿಗಳು ಪಿ.ಎಂ. 2.5 ಎಂದು ಹೆಸರಿಟ್ಟಿದ್ದಾರೆ. ಇದು ಶ್ವಾಸಕೋಶದ ತಳ ಮುಟ್ಟುತ್ತದೆ, ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಆದ್ದರಿಂದಲೇ ಹೊಗೆಯಿಂದ ಸತ್ತವರಲ್ಲಿ ಎಷ್ಟೋ ಮಂದಿ ಕೆಮ್ಮಿ ಸಾಯುವುದಿಲ್ಲ. ಎದೆ ಹಿಡಿದುಕೊಂಡು ಸಾಯುತ್ತಾರೆ, ಲಕ್ವ ಹೊಡೆದು ಸಾಯುತ್ತಾರೆ. ಮನೆಯವರು ವಿಧಿ ಎನ್ನುತ್ತಾರೆ. ಡೀಸಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿಯೂ, ಊರ ಕೆಟ್ಟ ಗಾಳಿಯೇ ತರುತ್ತದೆಂದು 2013ರಲ್ಲಿಯೂ ಸಾರಿತು. ಒಲೆಯ ಹೊಗೆ, ಬೀದಿಯ ಹೊಗೆ ಎರಡೂ ಸೇರಿ 2019ರ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 16 ಲಕ್ಷ 70 ಸಾವಿರ ಜನರ ಸಾವಿಗೆ ಕಾರಣವಾದವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಪಾಲುಗೊಂಡ ಅಧ್ಯಯನ ಲೆಕ್ಕ ಹಾಕಿತು. ಕದನದಲ್ಲಿ ಇಷ್ಟು ಜನ ಸತ್ತಿದ್ದರೆ ಬಾವುಟ ಅರ್ಧಕ್ಕೆ ಇಳಿಯುತ್ತಿತ್ತು.

ಮಿಲ್ಲಿನ ಅಣ್ಣಂದಿರಿಗೆ ಈ ಕತೆ ಹೊಸತಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿಸಿಕೊಂಡ ಊರು ನಮ್ಮದು. ಬ್ಲೋ ರೂಮು, ಕಾರ್ಡಿಂಗು ಖಾತೆಗಳಲ್ಲಿ ದುಡಿದವರು ಸೋಮವಾರದ ಎದೆಬಿಗಿತವನ್ನು ಬಲ್ಲರು. ಭಾನುವಾರ ಮನೆಯಲ್ಲಿ ನಿರಾಳವಾಗಿದ್ದ ಎದೆ, ಸೋಮವಾರ ಹತ್ತಿಯ ಧೂಳಿಗೆ ಮರಳಿದ ಕೂಡಲೆ ಹಗ್ಗ ಸುತ್ತಿದಂತೆ ಬಿಗಿಯುವುದು. ಇದಕ್ಕೆ ಬಿಸಿನೋಸಿಸ್ ಎಂದು ಹೆಸರು. ವರ್ಷಗಳು ಕಳೆದಂತೆ ಸೋಮವಾರದ ಬಿಗಿತ ಮಂಗಳವಾರಕ್ಕೆ, ಬುಧವಾರಕ್ಕೆ ಸಾಗಿ ಕೊನೆಗೆ ವಾರವೆಲ್ಲ ಕೂತುಬಿಡುತ್ತದೆ. ಧೂಳು ಹುಟ್ಟುವ ಜಾಗದಲ್ಲಿಯೇ ಅದನ್ನು ಹೀರಿ ತೆಗೆಯುವ ಯಂತ್ರ ಇಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕೆಲಸದಿಂದ ಬಂದ ರೋಗವೆಂದು ಪರಿಹಾರ ಕೊಡಬೇಕಾದ ಪಟ್ಟಿಯಲ್ಲಿ ಇದರ ಹೆಸರೂ ಸೇರಿತು. ಆದರೆ ನಾವು ನೋಡಿದ ಹಳೆಯ ಚೀಟಿಗಳಲ್ಲೆಲ್ಲ ಬರೆದದ್ದು ಒಂದೇ ಮಾತು, "ಬೀಡಿ ಬಿಡತಕ್ಕದ್ದು". ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಎದೆಬಿಗಿತ ಮಾತ್ರ ಮುಚ್ಚಲಿಲ್ಲ, ಅದು ಮನೆಗೆ ಬಂತು.

ಈಗ ಒಂದು ಪರದೇಶದ ಸಂಗತಿ ಹೇಳಬೇಕು. ನಮ್ಮ ದೊಡ್ಡವರಿಗೆ ಪರದೇಶದ ಮಾತೆಂದರೆ ಬಲು ಗೌರವ.

1952ರ ಡಿಸೆಂಬರ್ 5ರಿಂದ 9ರ ತನಕ ಲಂಡನ್ ನಗರದ ಮೇಲೆ ಹೊಗೆಮಂಜು ಕವಿಯಿತು. ಚಳಿಗೆ ಮನೆಮನೆಯಲ್ಲಿಯೂ ಕಲ್ಲಿದ್ದಲ ಒಲೆ. ಕಾರ್ಖಾನೆ, ವಿದ್ಯುತ್ ಸ್ಥಾವರಗಳಲ್ಲಿಯೂ ಕಲ್ಲಿದ್ದಲು. ಮೇಲಿನ ಬೆಚ್ಚನೆಯ ಗಾಳಿ ಕೆಳಗಿನ ತಣ್ಣನೆಯ ಗಾಳಿಯನ್ನು ಮುಚ್ಚಳ ಹಾಕಿದಂತೆ ಒತ್ತಿ ಹಿಡಿಯಿತು. ದೇಶದ ಒಳ್ಳೆಯ ಕಲ್ಲಿದ್ದಲು ಹಡಗು ಹತ್ತಿ ಹೊರಕ್ಕೆ ಹೋಗುತ್ತಿತ್ತು, ಯುದ್ಧದ ಸಾಲ ತೀರಬೇಕಲ್ಲ. ಬಡವರ ಒಲೆಗೆ ಸಿಕ್ಕಿದ್ದು ಪುಡಿ ಕಲ್ಲಿದ್ದಲು. ಅದನ್ನು ಆ ತಿಂಗಳ ಆರಂಭದಲ್ಲಿಯೇ ಸರಕಾರ ಪಡಿತರದ ಕಟ್ಟಿನಿಂದ ಬಿಟ್ಟು ಯಥೇಚ್ಛ ಮಾರಲು ಬಿಟ್ಟಿತ್ತು. ಬೀದಿಯಲ್ಲಿ ಚಾಚಿದ ಕೈ ಕಾಣಲಿಲ್ಲ. ಪ್ರದರ್ಶನಕ್ಕೆ ತಂದಿದ್ದ ದನಗಳು ಉಸಿರು ಕಟ್ಟಿ ಸತ್ತವು, ಆ ಸುದ್ದಿ ಮೊದಲು ಅಚ್ಚಾಯಿತು. ಮನುಷ್ಯರ ಸುದ್ದಿ ಆಮೇಲೆ, ಶವಪೆಟ್ಟಿಗೆಗಳಿಗೆ ಅಭಾವ ಬಂದಾಗ. ಮೊದಲ ಲೆಕ್ಕದಲ್ಲಿ ಸತ್ತವರು 4,000. ಮುಂದಿನ ತಿಂಗಳುಗಳಲ್ಲಿಯೂ ಸಾವು ಏರಿಯೇ ಇತ್ತು. ಅದಕ್ಕೆ ಸರಕಾರ ಕೊಟ್ಟ ಉತ್ತರ, ಇನ್‌ಫ್ಲುಯೆಂಜಾ ಜ್ವರ! ಅರ್ಧ ಶತಮಾನ ಕಳೆದ ಮೇಲೆ ವಿಜ್ಞಾನಿಗಳು ಮತ್ತೆ ಲೆಕ್ಕ ತೆಗೆದು ಸುಮಾರು 12,000 ಎಂದರು.

ಸಂಬಂಧಪಟ್ಟ ಮಂತ್ರಿ ಹೆರಾಲ್ಡ್ ಮ್ಯಾಕ್ಮಿಲನ್, ನಾವು ಮಾಡಬಲ್ಲದ್ದು ಹೆಚ್ಚಿಲ್ಲ, ಆದರೆ ಮಾಡುತ್ತಿರುವಂತೆ ತೋರಬಹುದು ಎಂಬ ಅರ್ಥದಲ್ಲಿ ಸಹೋದ್ಯೋಗಿಗಳಿಗೆ ಟಿಪ್ಪಣಿ ಬರೆದರು. ಸಮಿತಿ ಬಂತು. ಆದರೆ ಜನ ಬಿಡಲಿಲ್ಲ, ವಿರೋಧ ಪಕ್ಷ ಬಿಡಲಿಲ್ಲ, ಆಳುವ ಪಕ್ಷದೊಳಗಿನ ಒಬ್ಬ ಸದಸ್ಯನೇ ಮಸೂದೆ ತಂದು ಸರಕಾರದ ಮುಂದೆ ಇಟ್ಟ. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಆಯಿತು.

ಭಟ್ಟಿಯ ಮಾಲೀಕನ ಕೈಯ ನೋಟೀಸಿನ ಪಕ್ಕ ಇಟ್ಟು ಓದಬೇಕಾದ ಮಾತು ಈ ಕಾಯ್ದೆಯಲ್ಲಿದೆ. ಹೊಗೆ ಬಿಡಬಾರದ ವಲಯವೆಂದು ಸಾರಿದ ಕಡೆ, ಹಳೆಯ ಮನೆಯ ಒಲೆ ಬದಲಿಸಲು ತಗಲಿದ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲನ್ನು ಸ್ಥಳೀಯ ಆಡಳಿತ ಕೊಡಬೇಕಾಗಿತ್ತು. ಅದರಲ್ಲಿ ನಾಲ್ಕು ಪಾಲು ಕೇಂದ್ರದ ಖಜಾನೆಯಿಂದ. ಸಮಾಜವಾದಿ ಸರಕಾರದ ಕಾಯ್ದೆಯಲ್ಲ ಸ್ವಾಮಿ, ಕನ್ಸರ್ವೇಟಿವ್ ಪಕ್ಷದ ಕಾಯ್ದೆ! ಬಡವನಿಗೆ ಒಲೆ ಆರಿಸೆಂದು ಹೇಳುವ ಮುನ್ನ ಬೇರೆ ಒಲೆಗೆ ದುಡ್ಡು ಕೊಡಬೇಕೆಂಬ ಅರಿವು ಅವರಿಗೂ ಬಂತು.

ನಮ್ಮಲ್ಲಿ ಏನಾಗಿದೆ? ಸಾವಿಗೂ ಕೆಟ್ಟ ಗಾಳಿಗೂ ನೇರ ನಂಟು ತೋರುವ ಖಚಿತ ಅಂಕಿಅಂಶವಿಲ್ಲವೆಂದು ದೆಹಲಿಯ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಉತ್ತರ ಬಂದಿದೆ. ಇನ್‌ಫ್ಲುಯೆಂಜಾ ಎಂದಿಲ್ಲ, ಅಷ್ಟೆ. ಪಿ.ಎಂ. 2.5ರ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರಲ್ಲಿ ನಮ್ಮ ದೇಶ ಇಟ್ಟುಕೊಂಡ ಮಿತಿ 40. ಭಾರತೀಯನ ಪುಪ್ಪುಸ ಎಂಟು ಪಾಲು ಗಟ್ಟಿಯೆಂದು ಯಾವ ವೈದ್ಯರು ಕಂಡುಹಿಡಿದರೋ ನಾವರಿಯೆವು. ಆ 2009ರ ಮಿತಿಗಳಿಗೂ ಒಳಪಡದ ಊರುಗಳ ಪಟ್ಟಿಗೆ ಕರ್ನಾಟಕದಿಂದ ನಾಲ್ಕು ಸೇರಿದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಮ್ಮ ದಾವಣಗೆರೆ.

ಈ ಊರುಗಳಿಗಾಗಿ 2019ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಹೂಡಿತು. ದುಡ್ಡು ಬಂತು. ಎಲ್ಲಿ ಹೋಯಿತು? ದೇಶದ ಲೆಕ್ಕವನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಬಿಡಿಸಿ ಇಟ್ಟಿತು. ನೂರು ರೂಪಾಯಿಯಲ್ಲಿ 64 ರೂಪಾಯಿ ರಸ್ತೆಯ ಧೂಳಿಗೆ! ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ, ರಸ್ತೆ ಬದಿಯ ಕಲ್ಲುಹಾಸು. ವಾಹನಗಳ ಹೊಗೆಗೆ ಸುಮಾರು 13 ರೂಪಾಯಿ. ಕಾರ್ಖಾನೆಗಳ ಹೊಗೆಗೆ 61 ಪೈಸೆ. ಓದುಗರು ಅಚ್ಚಿನ ತಪ್ಪೆಂದು ತಿಳಿಯಬಾರದು, ಅರವತ್ತೊಂದು ಪೈಸೆಯೇ. ಊರುಗಳು ಪಾಸೋ ನಪಾಸೋ ಎಂದು ನೋಡುವುದು ಪಿ.ಎಂ. 10 ಎಂಬ ದಪ್ಪ ಧೂಳನ್ನು ಅಳೆದು. ಮಾಸ್ತರಿಕೆ ಮಾಡಿದ ನಮಗೆ ಈ ಉಪಾಯ ಚೆನ್ನಾಗಿ ಗೊತ್ತು. ಹುಡುಗ ಲೆಕ್ಕದಲ್ಲಿ ನಪಾಸಾಗುತ್ತಾನೆಂದರೆ ಡ್ರಾಯಿಂಗ್ ಪರೀಕ್ಷೆ ಮಾತ್ರ ನಡೆಸುವುದು.

ಇತ್ತ ದೊಡ್ಡ ಚಿಮಣಿಗಳ ಮೇಲೆ ದಯೆ ಬೇರೆ. ಕಲ್ಲಿದ್ದಲ ವಿದ್ಯುತ್ ಸ್ಥಾವರಗಳು ಗಂಧಕದ ಹೊಗೆಯನ್ನು ತಡೆಯಬೇಕೆಂದು 2015ರಲ್ಲಿ ನಿಯಮವಾಯಿತು, ಗಡುವು 2017. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಯಂತ್ರವೇ ಬೇಡವೆಂದು ವಿನಾಯಿತಿ ಸಿಕ್ಕಿತು. 1981ರ ವಾಯು ಕಾಯ್ದೆಯಲ್ಲಿ ಹಲವು ಅಪರಾಧಗಳಿಗೆ ಇದ್ದ ಸೆರೆವಾಸವನ್ನು 2023ರ ಜನ ವಿಶ್ವಾಸ ಕಾಯ್ದೆ ತೆಗೆದು ದಂಡ ಹಾಕಿತು. ದಂಡವೆಂದರೆ ಧಣಿಗೆ ಇನ್ನೊಂದು ಖರ್ಚಿನ ಬಾಬು. ಭಟ್ಟಿಯವನಿಗೆ ಮಾತ್ರ "ಮುಚ್ಚು".

ಹಾಗಾದರೆ ನಿಮಗೆ ಹೊಗೆ ಬೇಕೋ ಕೂಲಿ ಬೇಕೋ ಎಂದು ಕೇಳುವ ಚತುರರಿದ್ದಾರೆ. ಈ ಪ್ರಶ್ನೆಗೆ ನಾವು ಹೆದರುವುದಕ್ಕೆ ಕಾರಣ ಉಂಟು, ಮುಚ್ಚಿಡುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ದೆಹಲಿಯೊಳಗಿನ 168 ಅಪಾಯಕಾರಿ ಕಾರ್ಖಾನೆಗಳು ನವೆಂಬರ್ ಕೊನೆಯೊಳಗೆ ನಡೆಯುವುದನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ಗಾಳಿಯ ಸಲುವಾಗಿ ಸರಿಯೇ. ಆದರೆ ಸಾವಿರಾರು ಕೂಲಿಕಾರರು ಬೀದಿಗೆ ಬಿದ್ದರು. ಕೋರ್ಟು ಹೇಳಿದ ಪರಿಹಾರ ಕೈಗೆ ಬಾರದೆ ಅಲೆದವರು ಬಹಳ. ಮಾಲೀಕನಿಗೆ ನಗರದ ನಡುವಿನ ಜಾಗ ಉಳಿಯಿತು. ನಮ್ಮ ಊರಿನಲ್ಲಿ ಅದು ಮರುಕಳಿಸಕೂಡದು. ಗಾಳಿ ಶುದ್ಧವಾಗಬೇಕು, ಅದರ ಬಿಲ್ಲು ಕೂಲಿಕಾರನ ಹೆಸರಿಗೆ ಬರಬಾರದು.

ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿಯ ಹಾಜರಿಗೆ ನಾವೇ ಗೈರು ಗುರುತು ಹಾಕುತ್ತಿದ್ದೆವು. ಚಳಿಗಾಲ ಬಂದರೆ ವಾರಕ್ಕೆ ಮೂರು ದಿನ ಬರುತ್ತಿರಲಿಲ್ಲ. ಸೋಮಾರಿ ಎಂದು ಗದರಿಸಿದ್ದೂ ಉಂಟು. ಒಂದು ದಿನ ಮನೆಗೆ ಹೋಗಿ ನೋಡಿದರೆ ಹಿತ್ತಿಲ ಗೋಡೆಗೆ ಭಟ್ಟಿ, ಮುಂಬಾಗಿಲಿಗೆ ಲಾರಿಗಳು ನಿಲ್ಲುವ ಜಾಗ. ಹುಡುಗಿ ಗೋಡೆಗೆ ಒರಗಿ ಕೂತು, ಮಾತಾಡಲಾರದೆ ಉಸಿರು ಎಳೆಯುತ್ತಿದ್ದಳು. ಆ ಗೈರುಗಳನ್ನು ಬರೆದ ಕೈ ನಮ್ಮದೇ.

ನಾವು ಜಿಲ್ಲಾಡಳಿತದ ಮುಂದೆ ಇಡಲಿರುವ ಬೇಡಿಕೆಗಳು ಹೆಚ್ಚಿಲ್ಲ. ಶುದ್ಧ ಗಾಳಿಯ ಹೆಸರಿನಲ್ಲಿ ಈ ಊರಿಗೆ ಬಂದ ದುಡ್ಡಿನ ಪೈಸೆ ಪೈಸೆ ಲೆಕ್ಕವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಭಟ್ಟಿಯ ಒಲೆ ಬದಲಿಸಲು ಹತ್ತರಲ್ಲಿ ಏಳು ಪಾಲು ಸರಕಾರ ಕೊಡಬೇಕು, ಕೊಡುವ ತನಕ ಯಾವ ಭಟ್ಟಿಗೂ ಬೀಗ ಹಾಕಬಾರದು, ಬದಲಿಸುವ ದಿನಗಳ ಕೂಲಿ ಹೆಂಗಸರಿಗೆ ಸಿಗಬೇಕು. ಮಿಲ್ಲಿನ ಹಳಬರಿಗೂ ಭಟ್ಟಿಯವರಿಗೂ ಪುಕ್ಕಟೆ ಎದೆ ತಪಾಸಣೆ ಆಗಬೇಕು, ಉಸಿರು ಅಳೆಯುವ ಯಂತ್ರ ಇಟ್ಟು, ಬೀಡಿಯ ಉಪದೇಶ ಬಿಟ್ಟು. ಪಿ.ಎಂ. 2.5ರ ಅಳತೆಯನ್ನು ಭಟ್ಟಿ ಸಾಲಿನಲ್ಲಿಯೂ ಲಾರಿ ನಿಲ್ದಾಣದಲ್ಲಿಯೂ ತೆಗೆಯಬೇಕು, ಮರಗಳಿರುವ ಕಚೇರಿ ಅಂಗಳದಲ್ಲಿ ಮಾತ್ರ ಅಲ್ಲ.

ಕೆಮ್ಮು, ದಮ್ಮಿಗೆ ಔಷಧಿ ತಂದ ಅಂಗಡಿಯ ಬಿಲ್ಲು, ವೈದ್ಯರ ಚೀಟಿ, ಕೆಲಸ ತಪ್ಪಿದ ದಿನಗಳ ಲೆಕ್ಕ, ಇವು ಯಾರ ಬಳಿ ಇದ್ದರೂ ಹರಿಯಬೇಡಿ. ಸಂಜೆ 6ರ ಮೇಲೆ ಪಕ್ಷದ ಕಚೇರಿಗೆ ತನ್ನಿ. ನಕಲು ಮಾಡಿಕೊಂಡು ಮೂಲವನ್ನು ನಿಮಗೇ ಕೊಡುತ್ತೇವೆ. ಓದು ಬಾರದವರು ಬರಿಗೈಯಲ್ಲಿ ಬಂದರೂ ಆದೀತು, ಹೇಳಿದ್ದನ್ನು ಬರೆದುಕೊಳ್ಳುತ್ತೇವೆ.