ಬಂಬ ಸೋರಾಕತ್ತೈತೇನು?

ದೀಪಾವಳಿ ಬಂತಂದ್ರ ಮಿರಜದ ನಮ್ಮ ಓಣ್ಯಾಗ ತಾಮ್ರದ ಬಂಬಗಳು ಹೊರಗೆ ಬರುತ್ತವೆ. ತಣ್ಣೀರು ತುಂಬಿ ಉರಿ ಹಚ್ಚಿದ ಕೂಡಲೆ ಬೂದಿಯಲ್ಲಿ ಟಪ್ ಟಪ್ ಹನಿ. “ಸೋರಾಕತ್ತೈತಿ, ಬೆಸುಗೆ ಹಾಕಿಸ್ರಿ” ಅಂತ ಮನೆಯವರೆಲ್ಲ ಗಡಿಬಿಡಿ. ನಾನೂ ಒಮ್ಮೆ ಸುಮ್ಮನೆ ರೊಕ್ಕ ಕೊಟ್ಟವನೇ, ಬಿಎಸ್‌ಸಿ ಓದಿಯೂ!

ಒಣ ಕಟ್ಟಿಗೆಯಲ್ಲೂ ಹೈಡ್ರೋಜನ್ ಇದೆ. 1 ಕಿಲೋ ಉರಿದರೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಅದು ನಡುವಿನ ತಣ್ಣನೆಯ ಕೊಳವೆಗೆ ತಾಗಿ ಹನಿಯಾಗುತ್ತದೆ. ಬಂಬ ಕಾದ ಮೇಲೆ ನಿಲ್ಲುತ್ತದೆ.

ಪರೀಕ್ಷೆ ಮಾಡದೆ ಬೆಸುಗೆಯವರನ್ನು ಕರೆಯುವುದು ತಪ್ಪು ಅಂತೀನಿ ನಾನು. ಹಿಂದಿನ ರಾತ್ರಿ ನೀರು ತುಂಬಿ, ಉರಿ ಹಚ್ಚದೆ, ಕೆಳಗೆ ಕಾಗದ ಇಡಿರಿ. ಮುಂಜಾನೆ ಕಾಗದ ಒಣಗೇ ಇದ್ದರೆ ಬಂಬ ಗಟ್ಟಿ. ತೊಯ್ದಿದ್ದರೆ ಮಾತ್ರ ಉರಿ ಹಚ್ಚಬ್ಯಾಡ್ರಿ. ನೀರು ಇಳಿದುಹೋದರೆ ಬಂಬ ಬರಿದಾಗಿ ಕಾಯುತ್ತದೆ, ತವರವಂತೂ 232 ಡಿಗ್ರಿಗೇ ಕರಗುತ್ತದೆ.