ಅಪರಾಧಶಾಸ್ತ್ರ ಓದಿ ಆಗುವುದೇನು?

ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಸಂಬಂಧಿಸಿದವು. ಈ ಸಲ ಹಾವೇರಿ ಕಡೆಯ ಪಾಲಕರೊಬ್ಬರು ಬೇರೆಯೇ ಪ್ರಶ್ನೆ ಕೇಳಿದ್ದಾರೆ. ಅವರ ಮಗಳು ಬಿ.ಎ.ಯಲ್ಲಿ ಅಪರಾಧಶಾಸ್ತ್ರವನ್ನೇ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ. ಕಳ್ಳರು, ಕೊಲೆಗಡುಕರ ವಿಷಯ ಓದಿ ಹುಡುಗಿಗೆ ಆಗಬೇಕಾದ್ದೇನು, ಅದೂ ತರಗತಿಗೆ ಇಪ್ಪತ್ತು ಮಂದಿ ಸೇರದ ಸಣ್ಣ ಕಾಲೇಜಿನಲ್ಲಿ ಎಂಬುದು ಅವರ ಆತಂಕ. ಟಿ.ವಿ. ಧಾರಾವಾಹಿ ನೋಡಿ ತಲೆ ಕೆಡಿಸಿಕೊಂಡಿದ್ದಾಳೆ ಎಂದೂ ಬರೆದಿದ್ದಾರೆ. ಧಾರಾವಾಹಿಯ ಪ್ರಭಾವ ಇದ್ದರೂ ಇದ್ದೀತು. ಆದರೆ ವಿಷಯ ಅಷ್ಟು ಹಗುರವಾದದ್ದಲ್ಲ.

ಪೊಲೀಸು, ನ್ಯಾಯಾಲಯ, ಜೈಲು ಈ ಮೂರನ್ನೂ ಒಟ್ಟಿಗೆ ಇಟ್ಟು ಓದುವ ಪದವಿ ಅಮೆರಿಕದಲ್ಲಿ ಸಣ್ಣ ಸಣ್ಣ ಕಾಲೇಜುಗಳಲ್ಲೂ ಇದೆ. ಬರ್ಕ್ಲಿ ನಗರದ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್ 1908ರಲ್ಲಿ ತನ್ನ ಸಿಬ್ಬಂದಿಗೆ ಶಾಲೆ ತೆರೆದ. ಪೊಲೀಸರು ಕಾಲೇಜಿಗೆ ಹೋಗಿ ಓದಲೆಂದು ಅಲ್ಲಿನ ಸರಕಾರ 1968ರ ಕಾಯ್ದೆಯೊಂದರಡಿ ಸಾಲ, ಸಹಾಯಧನ ಕೊಡತೊಡಗಿದ ಮೇಲೆ ಇಂಥ ಪದವಿಗಳು ಬೆಳೆದವು. ನಮ್ಮಲ್ಲಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯ 1959ರಲ್ಲೇ ಈ ವಿಭಾಗ ತೆರೆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ಅಪರಾಧಶಾಸ್ತ್ರವನ್ನು ಕಲಿಸುತ್ತಾರೆ.

ಅಲ್ಲಿ ಓದುವುದೇನು ಎಂದು ನೋಡೋಣ. ಇಟಲಿಯ ವೈದ್ಯ ಲೊಂಬ್ರೋಸೋ 1876ರಲ್ಲಿ ಒಂದು ಪುಸ್ತಕ ಬರೆದು, ಅಪರಾಧಿಗಳು ಹುಟ್ಟಿನಿಂದಲೇ ಬೇರೆ, ಅವರ ತಲೆಬುರುಡೆ, ದವಡೆ, ಕಿವಿ ನೋಡಿಯೇ ಗುರುತಿಸಬಹುದು ಎಂದ. ಜನ ನಂಬಿದರು. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಆ ಅಳತೆಗಳನ್ನು ವಿದ್ಯಾರ್ಥಿಗಳ, ಸೈನಿಕರ ಅಳತೆಗಳ ಪಕ್ಕದಲ್ಲಿಟ್ಟು ನೋಡಿದ. ಅಂಥ ಪ್ರತ್ಯೇಕ ಅಪರಾಧಿ ಜಾತಿ ಇಲ್ಲವೆಂದು 1913ರಲ್ಲಿ ತೋರಿಸಿದ. ಕೈದಿಗಳನ್ನಷ್ಟೇ ನೋಡಿ ತೀರ್ಮಾನಿಸಬಾರದು, ಹೊರಗಿರುವವರನ್ನೂ ಅಳೆಯಬೇಕು ಎನ್ನುವುದು ನಾನು ಎಂಟನೆಯ ತರಗತಿಯಲ್ಲಿ ಮೊಳಕೆಕಾಳಿನ ಪ್ರಯೋಗ ಮಾಡಿಸುವಾಗ ಹೇಳುವ ಮಾತೇ. ಬಿ.ಎ. ವಿದ್ಯಾರ್ಥಿಗೂ ವಿಜ್ಞಾನದ ಈ ಬುದ್ಧಿ ಬಂದರೆ ಮೂರು ವರ್ಷದ ಫೀಸು ದಂಡವಾಗಲಿಲ್ಲ ಎಂದೇ ನನ್ನ ಎಣಿಕೆ. ಮುಖ ನೋಡಿ ಕಳ್ಳನೆನ್ನುವವರು ಇಂದಿಗೂ ನಮ್ಮ ಬೀದಿಗಳಲ್ಲಿ ಕಡಿಮೆಯೇನಿಲ್ಲ.

ಬೆರಳಚ್ಚಿನ ಪಾಠವಂತೂ ಎಲ್ಲ ಕಡೆಯೂ ಇರುತ್ತದೆ. ಗಾಜಿನ ಮೇಲೆ ಶಾಯಿಯನ್ನು ತೆಳುವಾಗಿ ಸವರಿ, ಬೆರಳನ್ನು ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಉರುಳಿಸಿ ಕಾಗದಕ್ಕೆ ಒತ್ತಬೇಕು. ಹಿರಿಯರು ಚಕ್ರ ಎಂದು ಕರೆದು ಭವಿಷ್ಯ ಹೇಳುತ್ತಿದ್ದ ಸುರುಳಿ ಗೆರೆ ಸುಮಾರು ಮೂರರಲ್ಲೊಂದು ಬೆರಳಿನಲ್ಲಿ ಕಾಣುತ್ತದೆ. ಕುಣಿಕೆಯಂಥ ಗೆರೆಗಳೇ ಹೆಚ್ಚು, ಕಮಾನಿನಂಥವು ಬಹಳ ಕಡಿಮೆ. ಈ ವರ್ಗೀಕರಣ ಹೆನ್ರಿ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿದ್ದರೂ ಅದರ ಲೆಕ್ಕಾಚಾರದಲ್ಲಿ ದುಡಿದವರು ಬಂಗಾಳದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾದಾಗ ಲಂಡನ್ನಿನಲ್ಲೂ ಅಂಥದೊಂದು ಇರಲಿಲ್ಲ.

ಕಾನೂನಿನ ಭಾಗ ಮಕ್ಕಳಿಗೆ ಬೇಸರ ತರಿಸುತ್ತದೆ. ಆದರೆ ತಿರುಳು ಇರುವುದು ಅಲ್ಲಿಯೇ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡಬಾರದೆಂದು ತೀರ್ಪು ಕೊಟ್ಟಿತು. ವಿಜ್ಞಾನದಿಂದ ಸಾಧ್ಯ ಎಂದ ಮಾತ್ರಕ್ಕೆ ಮಾಡಿಬಿಡಬಹುದೇ ಎಂಬ ಪ್ರಶ್ನೆ ಅದು. ಇನ್ನೊಂದು ಅಂಕಿ: 2022ರಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದವರ ಪೈಕಿ ನಾಲ್ಕರಲ್ಲಿ ಸುಮಾರು ಮೂವರು ವಿಚಾರಣೆ ಮುಗಿಯದವರು, ಅಂದರೆ ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು. ಆ ಹುಡುಗಿ ಓದಲಿರುವುದು ಇವರ ವಿಷಯವನ್ನೂ ಹೌದು.

ಈಗ ನೌಕರಿಯ ಮಾತು. ಪಾಲಕರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಅಪರಾಧಶಾಸ್ತ್ರ ಓದಿದವರಿಗಾಗಿ ಕುರ್ಚಿ ಕಾಯ್ದಿರಿಸಿಲ್ಲ. ಓಟ, ಎತ್ತರ, ಲಿಖಿತ ಪರೀಕ್ಷೆ ಎಲ್ಲರಿಗೂ ಇದ್ದದ್ದೇ. ಪ್ರವೇಶ ಮಾಡಿಸುವ ಭರದಲ್ಲಿ ಯಾರಾದರೂ ಬೇರೆ ಹೇಳಿದರೆ ನಂಬಬೇಡಿ. ಬಾಲನ್ಯಾಯ ಮಂಡಳಿ, ಮಹಿಳಾ ಸಾಂತ್ವನ ಕೇಂದ್ರಗಳಂಥ ಕಡೆ ಕೆಲಸ ಮಾಡಬೇಕೆನ್ನುವವರು ಇದರ ಮೇಲೆ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿಕೊಳ್ಳುವುದು ಒಳ್ಳೆಯದು.

ಆದರೆ ಪ್ರಯೋಗಾಲಯದ ಬಿಳಿ ಕೋಟಿನ ಆಸೆಯಿದ್ದರೆ ಬಿ.ಎ. ಸರಿಯಾದ ದಾರಿಯಲ್ಲ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ರಕ್ತ, ವಿಷ, ಗುಂಡು ಪರೀಕ್ಷಿಸುವವರು ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ ಓದಿ ಬಂದವರು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಅವಕಾಶವಿದೆ. ಹಾಗಾಗಿ ಜನ ಬೇಕಾಗುತ್ತಾರೆ. 2020ರ ಕಾಯ್ದೆಯಿಂದ ಸ್ಥಾಪನೆಯಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆ ಧಾರವಾಡದಲ್ಲೂ ಇದೆ. ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಬಿ.ಎಸ್ಸಿ. ಕಡೆ ನೋಡಲಿ. ಕಲಾ ವಿಭಾಗದವಳಾದರೆ ಪ್ರಯೋಗಾಲಯದ ಆಸೆಯನ್ನು ಈಗಲೇ ಬಿಡುವುದು ಕ್ಷೇಮ.

ಸಣ್ಣ ಕಾಲೇಜೆಂದು ಮೂಗು ಮುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಇಪ್ಪತ್ತು ಮಂದಿಯಿದ್ದಲ್ಲಿ ಪ್ರತಿಯೊಬ್ಬರ ಕೈಗೂ ಶಾಯಿ ಹತ್ತುತ್ತದೆ. ನೂರು ಮಂದಿಯಿದ್ದಲ್ಲಿ ಮುಂದಿನ ಬೆಂಚಿನವರದು ಮಾತ್ರ. ಆದರೂ ಹಣ ಕಟ್ಟುವ ಮೊದಲು ತಂದೆ, ಮಗಳು ಇಬ್ಬರೂ ಒಂದು ಸಲ ಹೋಗಿ ಬನ್ನಿ. ಆ ವಿಷಯದಲ್ಲೇ ಎಂ.ಎ. ಮಾಡಿದ ಕಾಯಂ ಅಧ್ಯಾಪಕರಿದ್ದಾರೆಯೇ, ಇಲ್ಲವೇ ಸಮಾಜಶಾಸ್ತ್ರದವರ ಕೈಗೆ ಹೆಚ್ಚುವರಿಯಾಗಿ ಕೊಟ್ಟಿದ್ದಾರೆಯೇ ಎಂದು ಕೇಳಿ. ಕಳೆದ ವರ್ಷದ ಮಕ್ಕಳ ಪ್ರಾಯೋಗಿಕ ಪುಸ್ತಕ ತೋರಿಸಲು ಹೇಳಿ. ನ್ಯಾಯಾಲಯ, ಜಿಲ್ಲಾ ಕಾರಾಗೃಹಗಳಿಗೆ ಅನುಮತಿ ಪಡೆದು ಕರೆದೊಯ್ಯುವ ಪದ್ಧತಿ ಇದೆಯೇ ಎಂಬುದನ್ನೂ ವಿಚಾರಿಸಿ. ಆ ಭೇಟಿಗೆ ಪಾಲಕರ ಒಪ್ಪಿಗೆ ಪತ್ರ ಕೇಳಿದರೆ ಗಾಬರಿಯಾಗದೆ ಸಹಿ ಹಾಕಿಕೊಡಿ, ಅಧ್ಯಾಪಕರು ಜೊತೆಗಿರುತ್ತಾರೆ.